ಹೊಸ ಬೀಜ, ಹೊಸ ಪುಡಿ, ಹೊಸ ಮಾತ್ರೆ: ಶುರು ಮಾಡುವುದು ಹೇಗೆ, ನಿಲ್ಲಿಸುವುದು ಯಾವಾಗ

ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಉಪ್ಪಾಗೆ ಹಣ್ಣಿನ ಕಾಲ. ಬಿಸಿಲು ಇರುವುದಿಲ್ಲ, ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸುತ್ತಾರೆ. ಕರ್ರಗೆ ಒಣಗಿದ ಆ ಸಿಪ್ಪೆ ಅಡುಗೆಯಲ್ಲಿ ಹುಳಿಗೆ ಆಗುತ್ತದೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ತಲೆಮಾರುಗಳಿಂದ ತಿಂದುಕೊಂಡು ಬಂದ ಪದಾರ್ಥ ಇದು.

ಇದೇ ಸಿಪ್ಪೆ ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಯಿತು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅನ್ನು ಬೇರ್ಪಡಿಸಿ, ಗಟ್ಟಿ ಮಾಡಿ, ಡಬ್ಬಿಗೆ ತುಂಬಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಯಿತು. ದಿನಕ್ಕೆ 1,500 ಮಿಲಿಗ್ರಾಂ ತಿಂದವರ ತೂಕಕ್ಕೂ, ಔಷಧವೇ ಇಲ್ಲದ ಹುಸಿ ಮಾತ್ರೆ ತಿಂದವರ ತೂಕಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆಮೇಲಿನ ವರ್ಷಗಳಲ್ಲಿ ಇಂಥ ಕ್ಯಾಪ್ಸೂಲ್ ತಿಂದ ಕೆಲವರ ಲಿವರ್‌ಗೆ ಪೆಟ್ಟಾದ ವರದಿಗಳು ಬಂದವು.

ಹಣ್ಣು ಒಂದೇ. ಸಾರಿನಲ್ಲಿ ಒಂದು ತುಂಡು ಹಾಕಿದಾಗ ಅದು ಅಡುಗೆ. ಸಾರ ತೆಗೆದು ದಿನಾ ಮೂರು ಹೊತ್ತು ನುಂಗಿದಾಗ ಅದು ಔಷಧದ ಹಾಗೆ ಕೆಲಸ ಮಾಡುವ ವಸ್ತು. ಚಿಯಾ ಬೀಜ, ಪಾಚಿಯಂಥ ಸ್ಪಿರುಲಿನಾದ ಪುಡಿ, ಅಶ್ವಗಂಧ, ಅಮೃತಬಳ್ಳಿ, ಅರಿಶಿನದ ಸಾರವಾದ ಕರ್ಕ್ಯುಮಿನ್, ಕೂದಲಿಗೆಂದು ಮಾರುವ ಬಯೋಟಿನ್ ವಿಟಮಿನ್, ಪ್ರೋಟೀನ್ ಪುಡಿ, ಏನೇ ಹೊಸದನ್ನು ಶುರು ಮಾಡುವುದಿದ್ದರೂ ಈ ವ್ಯತ್ಯಾಸ ತಲೆಯಲ್ಲಿರಲಿ. ಇಂಥವನ್ನು ತಿನ್ನಲೇಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ತಿನ್ನುತ್ತೇನೆ. ಆದರೆ ತಿನ್ನುವುದಕ್ಕೆ ಒಂದು ಕ್ರಮ ಇದೆ.

ಮೊದಲ ಹೆಜ್ಜೆ: ಯಾಕೆ ಬೇಕು ಎಂದು ಒಂದು ಸಾಲು ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಕಾರಣ ಬರೆಯಿರಿ. ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಬರೆದರೆ ಸಾಲದು. ‘ಮಲಬದ್ಧತೆ ಇದೆ, ವಾರಕ್ಕೆ ಮೂರೇ ಸಲ ಹೋಗುತ್ತೇನೆ’ ಎಂದರೆ ಅದು ಕಾರಣ. ‘ಮಧ್ಯಾಹ್ನ ಮೂರು ಗಂಟೆಗೆಲ್ಲ ಸುಸ್ತಾಗುತ್ತದೆ’ ಎಂದರೆ ಅದೂ ಕಾರಣ. ಕಾರಣ ಹೀಗೆ ಸ್ಪಷ್ಟವಾಗಿದ್ದರೆ ಮಾತ್ರ ಎರಡು ತಿಂಗಳ ನಂತರ ಉಪಯೋಗ ಆಯಿತೋ ಇಲ್ಲವೋ ಹೇಳಬಹುದು.

ಕಾರಣ ಸುಸ್ತು ಆಗಿದ್ದರೆ ಅಂಗಡಿಗೆ ಹೋಗುವ ಮೊದಲು ಲ್ಯಾಬಿಗೆ ಹೋಗಿ. ನಮ್ಮ ಚಿಕ್ಕಮ್ಮ ಆರು ತಿಂಗಳು ಅಶ್ವಗಂಧ ತಿಂದರು. ಸುಸ್ತು ಹೋಗಲಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹೀಮೋಗ್ಲೋಬಿನ್ ಬರೀ 8 ಇತ್ತು. ಆ ಆರು ತಿಂಗಳು ಅವರು ಸುಮ್ನೆ ಕಷ್ಟಪಟ್ಟರಲ್ಲ ಎಂದು ನನಗೆ ಈಗಲೂ ಬೇಜಾರು. ಹೀಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ: ಸುಸ್ತು, ಕೂದಲು ಉದುರುವುದು, ಕೈಕಾಲು ಜೋಮು ಹಿಡಿಯುವುದು ಇದ್ದರೆ ಇವುಗಳಲ್ಲಿ ಯಾವುದನ್ನು ಮಾಡಿಸಬೇಕೆಂದು ವೈದ್ಯರನ್ನು ಕೇಳಿ.

ಸಸ್ಯಾಹಾರಿಗಳು ಬಿ12 ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಬರೀ 2.2 ಮೈಕ್ರೋಗ್ರಾಂ. ಆದರೆ ಅದು ಸೊಪ್ಪು, ಕಾಳು, ತರಕಾರಿಯಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ ಬರಬೇಕು. ‘ಸ್ಪಿರುಲಿನಾದಲ್ಲಿ ಬಿ12 ತುಂಬಾ ಇದೆ’ ಎಂದು ಡಬ್ಬಿಗಳ ಮೇಲೆ ಬರೆದಿರುತ್ತದೆ. ಅದರಲ್ಲಿ ಇರುವುದು ಹೆಚ್ಚಾಗಿ ಬಿ12ನಂತೆಯೇ ಕಾಣುವ, ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ಅದನ್ನು ನಂಬಿ ಕುಳಿತರೆ ಕೊರತೆ ಒಳಗೊಳಗೇ ಬೆಳೆಯುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವ ಸಕ್ಕರೆ ಕಾಯಿಲೆಯವರಲ್ಲೂ ಬಿ12 ಇಳಿಯುತ್ತದೆ. ಅವರು ಪರೀಕ್ಷೆ ತಪ್ಪಿಸಬಾರದು.

ಕಾರಣ ‘ಪ್ರೋಟೀನ್ ಸಾಲುತ್ತಿಲ್ಲ’ ಎಂದಾದರೆ ಒಂದು ಚಿಕ್ಕ ಲೆಕ್ಕ ಮಾಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಒಂದು ಟೀ ಚಮಚ ಸ್ಪಿರುಲಿನಾ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಅದರಲ್ಲಿ ಶೇ 60ರಷ್ಟು ಪ್ರೋಟೀನ್ ಎಂದರೂ ಸಿಗುವುದು 2 ಗ್ರಾಂಗಿಂತ ಕಡಿಮೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. 30 ಗ್ರಾಂ ತೊಗರಿಬೇಳೆ ಬೇಯಿಸಿದರೂ ಅಷ್ಟೇ ಸಿಗುತ್ತದೆ. ಶೇಕಡಾವಾರು ನೋಡಿ ಮರುಳಾಗಬೇಡಿ. ಒಂದು ಸಲಕ್ಕೆ ಬಾಯಿಗೆ ಹೋಗುವುದು ಎಷ್ಟು ಗ್ರಾಂ ಎಂದು ನೋಡಿ.

ಎರಡನೇ ಹೆಜ್ಜೆ: ಈಗಾಗಲೇ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ

ನೋಟ್‌ಬುಕ್ಕಿನ ಎರಡನೇ ಪುಟದಲ್ಲಿ ಈಗ ತಿನ್ನುತ್ತಿರುವ ಎಲ್ಲ ಮಾತ್ರೆ, ಕಷಾಯ, ಚೂರ್ಣಗಳ ಹೆಸರು ಬರೆಯಿರಿ. ನಮ್ಮಲ್ಲಿ ಬಹಳ ಜನ ಡಾಕ್ಟರ ಹತ್ತಿರ ಇಂಗ್ಲಿಷ್ ಮಾತ್ರೆಗಳನ್ನು ಮಾತ್ರ ಹೇಳುತ್ತಾರೆ. ಬೆಳಗ್ಗೆ ಕುಡಿಯುವ ಕಷಾಯ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ದಯವಿಟ್ಟು ಹೇಳಿ. ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿದರೆ ಇನ್ನೂ ಒಳ್ಳೆಯದು.

ಥೈರಾಯ್ಡ್ ಮಾತ್ರೆ ನುಂಗುವವರು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಅದರಿಂದ ಕನಿಷ್ಠ 4 ಗಂಟೆ ದೂರ ಇಡಬೇಕು. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಆದ್ದರಿಂದ ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಲಿವರ್ ಸಮಸ್ಯೆ ಇರುವವರು ಅದನ್ನು ತಾವಾಗಿಯೇ ಶುರು ಮಾಡಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರಾಮ್ ತಿನ್ನುವವರು ಸೊಪ್ಪಿನ ಪುಡಿಗಳನ್ನು ಏಕಾಏಕಿ ಜಾಸ್ತಿ ಮಾಡಿದರೆ, ಅದರಲ್ಲಿನ ವಿಟಮಿನ್ ಕೆ ಆ ಔಷಧದ ಕೆಲಸವನ್ನು ಕೆಡಿಸುತ್ತದೆ.

ಬಿಪಿ ಇರುವವರು ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪನ್ನು ಒಳ್ಳೆಯದೆಂದು ತರುತ್ತಾರೆ. ಅದರಲ್ಲಿ ಸೋಡಿಯಂ ಜಾಗದಲ್ಲಿ ಹಾಕುವುದು ಪೊಟ್ಯಾಸಿಯಂ. ಕಿಡ್ನಿ ದುರ್ಬಲ ಇರುವವರಿಗೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಗುಂಪಿನ ಮಾತ್ರೆ ತಿನ್ನುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ ಆಗಬಹುದು. ಕೇಳದೆ ಬಳಸಬೇಡಿ.

ಕಿಡ್ನಿ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕರಾವಳಿಯ ಬಿಂಬುಳಿ ಗೊತ್ತಲ್ವಾ? ಉಪ್ಪಿನಕಾಯಿಗೆ, ಚಟ್ನಿಗೆ ಹಾಕಿದರೆ ಏನೂ ಆಗುವುದಿಲ್ಲ. ಕೇರಳದಲ್ಲಿ ಕೆಲವರು ಕೊಲೆಸ್ಟ್ರಾಲ್ ಇಳಿಯುತ್ತದೆಂದು ಅದರ ರಸ ಹಿಂಡಿ ಕುಡಿದರು. ಕಿಡ್ನಿಯಲ್ಲಿ ಆಕ್ಸಲೇಟ್ ಎಂಬ ಹರಳು ಕಟ್ಟಿಕೊಂಡು ಆಸ್ಪತ್ರೆ ಸೇರಬೇಕಾಯಿತು. ಇಲ್ಲೂ ಅದೇ ಕಥೆ: ಒಂದೆರಡು ಕಾಯಿ ಅಡುಗೆಗೆ, ಲೋಟಗಟ್ಟಲೆ ರಸ ಆಸ್ಪತ್ರೆಗೆ. ಕಿಡ್ನಿ ಕಾಯಿಲೆ ಇರುವವರು ಅದರ ನೆಂಟನಾದ ನಕ್ಷತ್ರ ಹಣ್ಣನ್ನಂತೂ ಮುಟ್ಟಲೇಬಾರದು. ಅದರಲ್ಲಿರುವ ಒಂದು ವಿಷ ಮಿದುಳಿಗೆ ತಾಗುತ್ತದೆ. ಆರೋಗ್ಯವಂತರ ಕಿಡ್ನಿ ಅದನ್ನು ಹೊರಹಾಕುತ್ತದೆ, ಇವರದ್ದು ಹಾಕುವುದಿಲ್ಲ.

ಮೂರನೇ ಹೆಜ್ಜೆ: ಮೊದಲು ಅಡುಗೆಯ ರೂಪದಲ್ಲಿ ನೋಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೊಸ ಪದಾರ್ಥಕ್ಕೆ ಅಡುಗೆಯ ರೂಪ ಒಂದು ಇದ್ದರೆ, ಅದರಿಂದಲೇ ಶುರು ಮಾಡಿ.

ನಮ್ಮ ಹಳಬರು ವಿಚಿತ್ರವಾದ್ದನ್ನು ತಿನ್ನುತ್ತಿರಲಿಲ್ಲ ಎಂದುಕೊಳ್ಳಬೇಡಿ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬಾಯಿಗಿಡಲಾಗದಷ್ಟು ಕಹಿ. ಕೊಡಗಿನಲ್ಲಿ ಕಕ್ಕಡ 18ರಂದು, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಗಾಢ ನೇರಳೆ ಬಣ್ಣ. ತಿಂದ ಮೇಲೆ ಮೂತ್ರವೂ ಕೆಂಪಗಾಗುತ್ತದೆ. ಮಲೆನಾಡಿನಲ್ಲಿ ಕಳಲೆ ಪಲ್ಯ ಮಾಡುತ್ತಾರೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ. ಅದಕ್ಕೇ ಹೆಚ್ಚಿದ ಕಳಲೆಯನ್ನು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುವುದು.

ಇವುಗಳಲ್ಲಿ ಒಂದು ಸಾಮಾನ್ಯ ಸಂಗತಿ ಇದೆ. ಪದಾರ್ಥದ ಜೊತೆಗೇ ಅದರ ಅಳತೆ, ಸಂಸ್ಕಾರ, ದಿನ ಎಲ್ಲವೂ ಬಂದಿದೆ. ಪಾಲೆ ಕಷಾಯ ವರ್ಷಕ್ಕೊಂದೇ ದಿನ, ಒಂದು ಚಿಕ್ಕ ಲೋಟ. ಮರ ಗುರುತಿಸಲು ಗೊತ್ತಿರುವವರೇ ತೊಗಟೆ ತರಬೇಕು. ಕಷಾಯ ಕುಡಿದ ಮೇಲೆ ಹೊಟ್ಟೆ ತಂಪಾಗಲು ಮೆಂತೆ ಗಂಜಿ. ಈ ಕಟ್ಟುಪಾಡನ್ನು ಬಿಟ್ಟು, ಬರೀ ತೊಗಟೆಯನ್ನು ಪುಡಿ ಮಾಡಿ 365 ದಿನವೂ ತಿಂದರೆ ಅದಕ್ಕೆ ಹಿರಿಯರ ಅನುಭವದ ಆಸರೆ ಇಲ್ಲ. ‘ಸಾವಿರ ವರ್ಷದಿಂದ ಬಳಕೆಯಲ್ಲಿದೆ’ ಎಂದು ಯಾರಾದರೂ ಹೇಳಿದಾಗ ಕೇಳಿ: ಎಷ್ಟು ಪ್ರಮಾಣದಲ್ಲಿ? ವರ್ಷಕ್ಕೆ ಎಷ್ಟು ದಿನ? ಹೇಗೆ ಹದ ಮಾಡಿ?

ಅಮೃತಬಳ್ಳಿಯ ಕಥೆ ನೆನಪಿಸಿಕೊಳ್ಳಿ. ಕೋವಿಡ್ ಸಮಯದಲ್ಲಿ ಮನೆಮನೆಯಲ್ಲೂ ಅದರ ಕಷಾಯ, ಮಾತ್ರೆ. ತಿಂಗಳುಗಟ್ಟಲೆ ತಿಂದ ಕೆಲವರಿಗೆ ಕಾಮಾಲೆ ಬಂದಿದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ನೋಡಲು ಅದರಂತೆಯೇ ಇರುವ ಬೇರೆ ಬಳ್ಳಿಯನ್ನು ಬಳಸಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ತಪ್ಪು ಬಳ್ಳಿಯೋ, ಸರಿ ಬಳ್ಳಿಯ ಅತಿ ಬಳಕೆಯೋ, ಮನೆಯಲ್ಲಿ ಕುಳಿತ ನಮಗೆ ಎರಡರಿಂದಲೂ ಕಲಿಯುವ ಪಾಠ ಒಂದೇ.

ಅರಿಶಿನದ್ದು ನಮ್ಮ ಬೆಂಗಳೂರಿನಲ್ಲೇ ನಡೆದ ಕಥೆ. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಶೇ 3ರ ಆಸುಪಾಸು ಇರುತ್ತದೆ. ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ಹೀರಿಕೆ ಶೇ 2,000ದಷ್ಟು ಏರಿತು. ಇಂದು ಜಗತ್ತಿನಾದ್ಯಂತ ಕರ್ಕ್ಯುಮಿನ್ ಕ್ಯಾಪ್ಸೂಲಿನಲ್ಲಿ ಮೆಣಸಿನ ಸಾರ ಇರುವುದಕ್ಕೆ ಈ ಕೆಲಸವೇ ದೊಡ್ಡ ಕಾರಣ. ಆದರೆ ಹೀರಿಕೆ ಹೆಚ್ಚಾದರೆ ಲಾಭ ಮಾತ್ರ ಹೆಚ್ಚುತ್ತದೆ ಎಂದಲ್ಲ. ಇಟಲಿ, ಅಮೆರಿಕಗಳಲ್ಲಿ ಇಂಥ ಕ್ಯಾಪ್ಸೂಲ್ ತಿಂದವರಲ್ಲಿ ಲಿವರ್ ಉರಿಯೂತ ಕಂಡುಬಂದಿದೆ. ಪೈಪರಿನ್ ಬೇರೆ ಔಷಧಗಳ ಹೀರಿಕೆಯನ್ನೂ ಬದಲಿಸುತ್ತದೆ. 500 ಮಿಲಿಗ್ರಾಂನ ಒಂದು ಗಟ್ಟಿ ಕ್ಯಾಪ್ಸೂಲಿನಲ್ಲಿ ಸುಮಾರು ಐದು ಟೀ ಚಮಚ ಅರಿಶಿನದಷ್ಟು ಕರ್ಕ್ಯುಮಿನ್ ಇರುತ್ತದೆ. ಒಂದೇ ಹೊತ್ತಿಗೆ ಸಾರಿಗೆ ಐದು ಚಮಚ ಅರಿಶಿನ ಹಾಕುವವರು ಯಾರಿದ್ದಾರೆ? ಅಡುಗೆಯ ಅರಿಶಿನಕ್ಕೆ ಹೆದರಬೇಕಾಗಿಲ್ಲ. ಕ್ಯಾಪ್ಸೂಲ್ ಬೇಕೆನಿಸಿದರೆ ವೈದ್ಯರಿಗೆ ಹೇಳಿ ತಿನ್ನಿ.

ಒಮೇಗಾ-3 ಬೇಕೆಂದು ಅಗಸೆ ಕ್ಯಾಪ್ಸೂಲ್ ಕೊಳ್ಳುವವರಿಗೆ ಉತ್ತರ ಕರ್ನಾಟಕದ ಅಡುಗೆಮನೆ ತೋರಿಸುತ್ತೇನೆ. ಅಗಸಿ ಹಿಂಡಿ, ಮೊಸರು, ಜೋಳದ ರೊಟ್ಟಿ. ಬೀಜ ಹುರಿದು ಪುಡಿ ಮಾಡುವುದೇ ಅಲ್ಲಿನ ಜಾಣತನ. ಇಡೀ ಬೀಜ ನುಂಗಿದರೆ ಹೆಚ್ಚಿನದು ಹಾಗೆಯೇ ಹೊರಗೆ ಹೋಗುತ್ತದೆ. ಬಹಳ ದಿನಕ್ಕಾಗುವಷ್ಟು ಪುಡಿ ಮಾಡಿಡಬೇಡಿ, ಎಣ್ಣೆ ಕಮಟು ಹಿಡಿಯುತ್ತದೆ.

ಅಡುಗೆಯ ರೂಪವೂ ಯಾವಾಗಲೂ ಸುರಕ್ಷಿತ ಅಲ್ಲ. ಸೋರೆಕಾಯಿ ಪಲ್ಯಕ್ಕೆ ಒಳ್ಳೆಯದು. ಹಸಿ ರಸ ಕುಡಿಯುವವರು ಮೊದಲು ಒಂದು ಚೂರು ಕಚ್ಚಿ ನೋಡಬೇಕು. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಕಾಯಿ ರಸ ಕುಡಿದು ಒಬ್ಬ ವಿಜ್ಞಾನಿ ತೀರಿಕೊಂಡರು. ಐಸಿಎಂಆರ್ ಸಮಿತಿ ಮಾಡಿ ಎಚ್ಚರಿಕೆ ಕೊಟ್ಟಿತು: ಕಹಿ ಇದ್ದರೆ ಎಸೆಯಿರಿ, ಬೇರೆ ರಸ ಬೆರೆಸಿ ಕಹಿ ಮುಚ್ಚಬೇಡಿ, ಕುಡಿದ ಮೇಲೆ ಹೊಟ್ಟೆನೋವು, ವಾಂತಿ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ನಾಲ್ಕನೇ ಹೆಜ್ಜೆ: ಡಬ್ಬಿಯ ಹಿಂಭಾಗ ಓದಿ

ಮುಂಭಾಗ ಮಾರುವವರದ್ದು, ಹಿಂಭಾಗ ಕೊಳ್ಳುವವರದ್ದು. ಹಿಂದೆ ತಿರುಗಿಸಿ.

ಮೊದಲು ಇದು ಯಾವ ಜಾತಿಯ ವಸ್ತು ಎಂದು ನೋಡಿ. ಆಹಾರದ ಲೆಕ್ಕದಲ್ಲಿ ಮಾರುವುದಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಆ ಸಂಖ್ಯೆ ನಿಜವೇ ಎಂದು ಅವರ ‘ಫಾಸ್ಕಾಸ್’ ಜಾಲತಾಣದಲ್ಲಿ ಹಾಕಿ ನೋಡಬಹುದು. ಹೆಲ್ತ್ ಸಪ್ಲಿಮೆಂಟ್ ಆಗಿದ್ದರೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇರಲೇಬೇಕು. ಆಯುರ್ವೇದ ಔಷಧವಾದರೆ ಆಯುಷ್ ತಯಾರಿಕಾ ಪರವಾನಗಿಯ ಸಂಖ್ಯೆ ಇರುತ್ತದೆ. ಎರಡೂ ಇಲ್ಲದ, ಬರೀ ಫೋನ್ ನಂಬರ್ ಇರುವ ಪೊಟ್ಟಣವನ್ನು ಯಾರೇ ಕೊಟ್ಟರೂ ವಾಪಸ್ ಕೊಡಿ.

ಪರವಾನಗಿ ಇದ್ದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಅರ್ಥ ಅಲ್ಲ. ತಯಾರಕರು ಯಾರು, ಎಲ್ಲಿ ಸಿಗುತ್ತಾರೆ ಎಂದು ಗೊತ್ತಾಗುತ್ತದೆ, ಅಷ್ಟೇ. 2024ರಲ್ಲಿ ನಮ್ಮ ದೇಶದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಕೇರಳದ ವೈದ್ಯರ ತಂಡವೊಂದು ಲ್ಯಾಬಿನಲ್ಲಿ ಪರೀಕ್ಷಿಸಿದಾಗ, ಹತ್ತರಲ್ಲಿ ಏಳರಷ್ಟು ಡಬ್ಬಿಗಳ ಮೇಲಿನ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಹೇಳಿತು.

ಆಮೇಲೆ ಅಳತೆ ನೋಡಿ. ‘ಪ್ರತಿ 100 ಗ್ರಾಂಗೆ’ ಎಂದು ಬರೆದ ಅಂಕಿ ನಿಮಗೆ ಬೇಡ. ಒಂದು ಸಲದ ಪ್ರಮಾಣದಲ್ಲಿ ಎಷ್ಟು, ಅದು ದಿನದ ಅಗತ್ಯದ ಶೇಕಡಾ ಎಷ್ಟು ಎಂದು ನೋಡಿ. ಕೂದಲಿಗೆಂದು ಮಾರುವ ಬಯೋಟಿನ್ ಮಾತ್ರೆ 10 ಮಿಲಿಗ್ರಾಂ ಇರುತ್ತದೆ. ಚಿಕ್ಕ ಅಂಕಿಯ ಹಾಗೆ ಕಾಣುತ್ತದೆ, ಅಲ್ವಾ? ಅದು 10,000 ಮೈಕ್ರೋಗ್ರಾಂ. ನಮಗೆ ದಿನಕ್ಕೆ ಬೇಕಾದ್ದು 30ರಿಂದ 40 ಮೈಕ್ರೋಗ್ರಾಂ. ಹತ್ತಾರು ಗಿಡಮೂಲಿಕೆಗಳ ಹೆಸರು ಬರೆದು, ಯಾವುದು ಎಷ್ಟು ಎಂದು ಹೇಳದೆ ಒಟ್ಟು ತೂಕ ಮಾತ್ರ ಕೊಟ್ಟಿದ್ದರೆ ಆ ಡಬ್ಬಿಯನ್ನು ಬಿಡಿ.

ಸ್ಪಿರುಲಿನಾ ಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಬೇಕು. ಅದು ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಜೀವಿ. ಕೊಳ ಕೊಳಕಾಗಿದ್ದರೆ ಸೀಸದಂಥ ಲೋಹಗಳು, ಬೇರೆ ಪಾಚಿಗಳ ವಿಷ ಅದರಲ್ಲಿ ಸೇರಬಹುದು. ಆ ಬ್ಯಾಚಿನ ಲ್ಯಾಬ್ ವರದಿ ಕೊಡಿ ಎಂದು ಇಮೇಲ್ ಮಾಡಿ. ಒಳ್ಳೆಯ ತಯಾರಕರು ಕೊಡುತ್ತಾರೆ.

ಹದಿನೈದೇ ದಿನದಲ್ಲಿ ಫಲ ಎಂದರೆ ನನಗೆ ಮೊದಲು ಬರುವುದು ಅನುಮಾನ. ತೂಕ ಇಳಿಸುವ ‘ಗಿಡಮೂಲಿಕೆ’ ಮಾತ್ರೆಗಳಲ್ಲಿ, ಹೃದಯಕ್ಕೆ ಅಪಾಯವೆಂದು ನಿಷೇಧವಾದ ಸಿಬುಟ್ರಾಮಿನ್ ಸಿಕ್ಕಿದೆ. ಗಂಡಸರ ಶಕ್ತಿಗೆಂದು ಮಾರುವವುಗಳಲ್ಲಿ ಸಿಲ್ಡೆನಾಫಿಲ್ ಎಂಬ ಇಂಗ್ಲಿಷ್ ಔಷಧ, ಮಂಡಿನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಸಿಕ್ಕಿವೆ. ಎರಡೇ ದಿನದಲ್ಲಿ ಮಂಡಿನೋವು ಮಾಯವಾದರೆ ಖುಷಿಪಡುವ ಮೊದಲು ಆ ಪುಡಿಯನ್ನು ವೈದ್ಯರಿಗೆ ತೋರಿಸಿ.

ಒಂದು ಅಧ್ಯಯನ ಹೇಳಿದೆ ಎಂದಾಕ್ಷಣ ಓಡಬೇಡಿ. ಆಪಲ್ ಸೈಡರ್ ವಿನೆಗರ್ ಕುಡಿದರೆ ತೂಕ ಇಳಿಯುತ್ತದೆ ಎಂದು 2024ರಲ್ಲಿ ದೊಡ್ಡ ಸುದ್ದಿ ಮಾಡಿದ ಅಧ್ಯಯನವನ್ನು, ಅಂಕಿಅಂಶಗಳ ಮೇಲೆ ಅನುಮಾನ ಬಂದು, 2025ರಲ್ಲಿ ಪ್ರಕಾಶಕರೇ ಹಿಂತೆಗೆದುಕೊಂಡರು.

ಐದನೇ ಹೆಜ್ಜೆ: ಒಂದು ಸಲಕ್ಕೆ ಒಂದೇ

ಒಮ್ಮೆ ನಾನು ಒಂದೇ ವಾರದಲ್ಲಿ ಸ್ಪಿರುಲಿನಾ, ಅಗಸೆ ಪುಡಿ, ಮಲ್ಟಿವಿಟಮಿನ್ ಮೂರನ್ನೂ ಶುರು ಮಾಡಿದೆ. ಹತ್ತನೇ ದಿನ ಕೈ, ಬೆನ್ನ ಮೇಲೆಲ್ಲ ಪಿತ್ತಗಂಧೆ. ಮೂರನ್ನೂ ಬಿಟ್ಟೆ, ವಾಸಿಯಾಯಿತು. ಯಾವುದರಿಂದ ಬಂತು ಎಂದು ಇವತ್ತಿಗೂ ಗೊತ್ತಿಲ್ಲ. ಒಂದನ್ನು ಶುರು ಮಾಡಿದ ಮೇಲೆ ಕನಿಷ್ಠ ಎರಡು ವಾರ ಇನ್ನೊಂದು ಬೇಡ. ಮದುವೆ, ಪ್ರಯಾಣ, ಹೊಸ ಔಷಧ, ಜ್ವರ ಇರುವ ವಾರದಲ್ಲೂ ಬೇಡ.

ಚಿಯಾವನ್ನೇ ಉದಾಹರಣೆ ಮಾಡಿ ಹೇಳುತ್ತೇನೆ. ಇದು ಮೆಕ್ಸಿಕೋ ಕಡೆಯ ಬೀಜ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಿಂದ ನಮ್ಮ ರೈತರಿಗೆ ಪರಿಚಯವಾಗಿ ಈಗ ಹೆಗ್ಗಡದೇವನಕೋಟೆ ಕಡೆ ಬೆಳೆಯುತ್ತಾರೆ. ಕಾಮಕಸ್ತೂರಿ ಬೀಜದ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಕಾಮಕಸ್ತೂರಿ ಪೂರ್ತಿ ಕಪ್ಪು, ನೀರಿಗೆ ಹಾಕಿದ ಕೆಲವೇ ನಿಮಿಷಕ್ಕೆ ಉಬ್ಬುತ್ತದೆ. ಚಿಯಾ ಬೂದು, ಕಪ್ಪು, ಬಿಳಿ ಚುಕ್ಕಿ ಬೆರೆತ ಬೀಜ, ನಿಧಾನಕ್ಕೆ ಉಬ್ಬುತ್ತದೆ.

ಮೊದಲ ನಾಲ್ಕು ದಿನ ಒಂದೇ ಒಂದು ಟೀ ಚಮಚ. ದೊಡ್ಡ ಲೋಟ ನೀರಿಗೆ ಹಾಕಿ ಕಲಕಿ. ಹತ್ತು ನಿಮಿಷ ಬಿಟ್ಟು ಮತ್ತೆ ಕಲಕಿ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಅರ್ಧ ಗಂಟೆ ನೆನೆಯಲಿ. ಒಣ ಬೀಜವನ್ನು ಚಮಚದಲ್ಲಿ ಬಾಯಿಗೆ ಹಾಕಿ ಮೇಲೆ ನೀರು ಕುಡಿಯಬೇಡಿ. ಅದು ತನ್ನ ತೂಕದ ಹತ್ತು ಪಟ್ಟಿಗಿಂತ ಜಾಸ್ತಿ ನೀರು ಹೀರುತ್ತದೆ. ಅಮೆರಿಕದಲ್ಲಿ ಒಬ್ಬರು ಹೀಗೆ ಮಾಡಿ ಬೀಜ ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡು, ಆಸ್ಪತ್ರೆಯಲ್ಲಿ ತೆಗೆಸಬೇಕಾಯಿತು. ನುಂಗಲು ಕಷ್ಟ ಇರುವ ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಇದನ್ನು ಕೊಡಲೇಬೇಡಿ.

ನಾಲ್ಕು ದಿನ ಹೊಟ್ಟೆ ಸರಿ ಇದ್ದರೆ ಎರಡು ಚಮಚಕ್ಕೆ ಏರಿಸಿ. ದಿನಕ್ಕೆ ಎರಡು ಲೋಟ ನೀರು ಹೆಚ್ಚು ಕುಡಿಯಿರಿ. ನಾರಿನಂಶ ಏರಿಸಿ ನೀರು ಏರಿಸದಿದ್ದರೆ ಮಲಬದ್ಧತೆ ಜಾಸ್ತಿಯೇ ಆಗುತ್ತದೆ. ಸಾಮೆ, ನವಣೆ, ಹಾರಕ ಶುರು ಮಾಡುವಾಗಲೂ ಹೀಗೆಯೇ. ಮೂರು ಹೊತ್ತೂ ಅಕ್ಕಿ ಬಿಟ್ಟು ಸಿರಿಧಾನ್ಯಕ್ಕೆ ಹಾರಬೇಡಿ. ದಿನಕ್ಕೊಂದು ಹೊತ್ತು ಸಾಕು.

ದಿನಾ ನಾಲ್ಕು ವಿಷಯ ಬರೆಯಿರಿ: ಎಷ್ಟು ತಿಂದಿರಿ, ಎಷ್ಟು ಹೊತ್ತಿಗೆ, ಹೊಟ್ಟೆ ಹೇಗಿತ್ತು, ನೀವು ಮೊದಲ ಪುಟದಲ್ಲಿ ಬರೆದ ಕಾರಣ ಇವತ್ತು ಹೇಗಿದೆ.

ವಿನೆಗರ್ ಕುಡಿಯುವುದೇ ಆದರೆ ಒಂದು ಲೋಟ ನೀರಿಗೆ ಒಂದೆರಡು ಟೀ ಚಮಚ ಮಾತ್ರ. ನೇರವಾಗಿ ಕುಡಿದರೆ ಹಲ್ಲಿನ ಹೊಳಪು ಸವೆಯುತ್ತದೆ, ಗಂಟಲು ಸುಡುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ತಿನ್ನಬೇಡಿ. ನಿಂಬೆ ಪಾನಕದ ಜೊತೆ ತಿಂದರೆ ಮೈಗೆ ಚೆನ್ನಾಗಿ ಹತ್ತುತ್ತದೆ.

ಆರನೇ ಹೆಜ್ಜೆ: ಯಾವುದು ಸಹಜ, ಯಾವುದಕ್ಕೆ ನಿಲ್ಲಿಸಬೇಕು

ನಾರು ಜಾಸ್ತಿಯಾದಾಗ ಮೊದಲ ವಾರ ಗ್ಯಾಸ್, ಹೊಟ್ಟೆ ಗುಡುಗುಡು ಸಹಜ. ಬಿ ಕಾಂಪ್ಲೆಕ್ಸ್ ತಿಂದರೆ ಮೂತ್ರ ಹೊಳೆಯುವ ಹಳದಿ ಆಗುತ್ತದೆ, ಅದಕ್ಕೆ ಹೆದರಬೇಡಿ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುತ್ತದೆ. ಬೀಟ್‌ರೂಟಿಗೂ ಮದ್ದು ಸೊಪ್ಪಿಗೂ ಮೂತ್ರ ಕೆಂಪಾಗುತ್ತದೆ.

ಆದರೆ ಮೂತ್ರ ಕಡು ಟೀ ಬಣ್ಣಕ್ಕೆ ತಿರುಗಿ, ಹಸಿವೇ ಆಗದೆ, ವಾಕರಿಕೆ, ಮೈ ತುರಿಕೆ, ಕಣ್ಣಿನ ಬಿಳಿ ಹಳದಿ ಆದರೆ ಅವತ್ತೇ ಇಂಥ ಪುಡಿ, ಕಷಾಯ, ಕ್ಯಾಪ್ಸೂಲ್ ಎಲ್ಲ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ. ಕಾಮಾಲೆ ಎಂದು ಇನ್ನೊಂದು ನಾಟಿ ಔಷಧ ಶುರು ಮಾಡಬೇಡಿ. ಪೆಟ್ಟು ತಿಂದ ಲಿವರ್ ಮೇಲೆ ಇನ್ನೊಂದು ಭಾರ ಅದು. ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ 108ಕ್ಕೆ ಫೋನ್ ಮಾಡಿ.

ವಿಟಮಿನ್ ಡಿ ಬಗ್ಗೆ ವಿಶೇಷವಾಗಿ ಹೇಳಬೇಕು. ವೈದ್ಯರು ಬರೆಯುವ 60,000 ಯೂನಿಟ್‌ನ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು, ಇಷ್ಟು ವಾರ ಎಂದು ಇರುತ್ತದೆ. ದಿನದ ಅಗತ್ಯ 600 ಯೂನಿಟ್. ಅಂದರೆ ಒಂದು ಪೊಟ್ಟಣ ನೂರು ದಿನದ ಲೆಕ್ಕ. ಅದನ್ನು ತಪ್ಪಾಗಿ ದಿನಾ ತಿಂದು, ಅಥವಾ ಚೀಟಿ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ, ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರು ಇದ್ದಾರೆ. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಮಂಕು ಅದರ ಲಕ್ಷಣ. ಮನೆಯಲ್ಲಿ ಅಜ್ಜ, ಅಜ್ಜಿಗೆ ಇದನ್ನು ಕೊಡುತ್ತಿದ್ದರೆ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗುರುತು ಹಾಕಿ. ಬೇರೆ ದಿನ ಪೊಟ್ಟಣ ಕೈಗೆ ಸಿಗದ ಹಾಗೆ ಇಡಿ.

ಏಳನೇ ಹೆಜ್ಜೆ: ಶುರು ಮಾಡುವ ದಿನವೇ ಮುಗಿಸುವ ದಿನವನ್ನೂ ಬರೆಯಿರಿ

ಚಿಯಾ, ಅಗಸೆಯಂಥ ಆಹಾರಕ್ಕೆ ಒಂದು ತಿಂಗಳು, ಕ್ಯಾಪ್ಸೂಲ್‌ಗಳಿಗೆ ವೈದ್ಯರು ಹೇಳಿದಷ್ಟು, ಹೆಚ್ಚೆಂದರೆ ಎರಡು ತಿಂಗಳು. ಆ ದಿನ ಬಂದಾಗ ಮೊದಲ ಪುಟ ತೆಗೆದು ನೋಡಿ. ಕಾರಣ ಸರಿಹೋಗಿದೆಯೇ? ಗೊತ್ತಾಗದಿದ್ದರೆ ಎರಡು ವಾರ ಬಿಟ್ಟು ನೋಡಿ. ಬಿಟ್ಟಾಗ ಹಳೆಯ ತೊಂದರೆ ವಾಪಸ್ ಬಂದು, ಮತ್ತೆ ಶುರು ಮಾಡಿದಾಗ ಹೋದರೆ ಅದು ಕೆಲಸ ಮಾಡುತ್ತಿದೆ ಎನ್ನಬಹುದು. ವ್ಯತ್ಯಾಸವೇ ಇಲ್ಲದಿದ್ದರೆ ಆ ದುಡ್ಡಿನಲ್ಲಿ ಹಣ್ಣು, ಕಾಳು, ಮೊಟ್ಟೆ ತನ್ನಿ. ವೈದ್ಯರೇ ಬರೆದ ಬಿ12, ಕಬ್ಬಿಣದ ಮಾತ್ರೆಗಳನ್ನು ಹೀಗೆ ಬಿಟ್ಟು ನೋಡಬೇಡಿ. ಅವುಗಳಿಗೆ ರಕ್ತ ಪರೀಕ್ಷೆಯೇ ಅಳತೆ.

ಪರೀಕ್ಷೆ ಮಾಡಿಸುವ ಮೊದಲು ಬಯೋಟಿನ್ ತಿನ್ನುತ್ತಿರುವ ವಿಷಯವನ್ನು ಲ್ಯಾಬಿಗೂ ವೈದ್ಯರಿಗೂ ಹೇಳಿ. ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯನ್ನೂ ದಾರಿ ತಪ್ಪಿಸಬಲ್ಲದು. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರು ತಿಳಿಸುತ್ತಾರೆ.

ಡಬ್ಬಿ ಖಾಲಿಯಾದರೂ ತಕ್ಷಣ ಎಸೆಯಬೇಡಿ. ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಕೊನೆಯ ದಿನಾಂಕ ಕಾಣುವ ಹಾಗೆ ಒಂದು ಫೋಟೋ ತೆಗೆದು, ಬಿಲ್ ಜೊತೆ ಇಟ್ಟುಕೊಳ್ಳಿ. ತೊಂದರೆ ಕೆಲವೊಮ್ಮೆ ವಾರಗಳ ನಂತರ ಕಾಣಿಸುತ್ತದೆ. ಆಗ ವೈದ್ಯರು ಮೊದಲು ಕೇಳುವುದೇ ‘ಏನು ತಿಂದಿರಿ’ ಎಂದು. ಆಹಾರ ಪದಾರ್ಥ ಅಥವಾ ಸಪ್ಲಿಮೆಂಟ್ ಬಗ್ಗೆ ದೂರು ಇದ್ದರೆ ಎಫ್‌ಎಸ್‌ಎಸ್‌ಎಐನ ಉಚಿತ ಸಂಖ್ಯೆ 1800-112-100. ಔಷಧದಿಂದ ಅಡ್ಡಪರಿಣಾಮ ಆಗಿದ್ದರೆ 1800-180-3024ಕ್ಕೆ ಫೋನ್ ಮಾಡಿ ವರದಿ ಮಾಡಬಹುದು. ಫೋನ್ ಮಾಡುವಾಗ ಆ ಫೋಟೋ ಮತ್ತು ನೋಟ್‌ಬುಕ್ ಎದುರಿಗಿರಲಿ.